ಮೊದಲ ಸಹಿ ಯಾರದು

ಸೋಲದೇವನಹಳ್ಳಿ
3 ಮಾರ್ಚ್ 2025

ಹಬೀಬುಲ್ಲಾ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವ ಹಾಗಿಲ್ಲ. ಅದಕ್ಕೇ ಆ ಸಾಲು ಬಿಟ್ಟು ಶುರು ಮಾಡುತ್ತಿದ್ದೇನೆ.

ಅಕ್ಷರ ನೋಡಿದ ಕೂಡಲೇ ಯಾರದು ಅಂತ ಗೊತ್ತಾಗಿರುತ್ತದೆ. ಯಲಹಂಕದ ಕಚೇರಿ ಮುಂದೆ ಹೊಂಗೆ ಮರದ ಕೆಳಗೆ ನೀನು ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ಕಾಲದಲ್ಲಿ, ಊರವರ ಅರ್ಜಿಗಳನ್ನೆಲ್ಲ ನಾನು ಇದೇ ಅಕ್ಷರದಲ್ಲಿ ಗೀಚಿಕೊಂಡು ಬರುತ್ತಿದ್ದೆ. "ಇದು ಕೋಳಿ ಬರೆದಿದ್ದೋ ನೀನು ಬರೆದಿದ್ದೋ" ಅಂತ ಬೈಯುತ್ತಲೇ ನೀನು ಟೈಪ್ ಮಾಡುತ್ತಿದ್ದೆ. ನಾವಿಬ್ಬರೂ ಮಾತು ಬಿಟ್ಟು ಐದು ವರ್ಷವಾಯಿತು. ಈಗ ಬೇಕೆಂದರೂ ನಾನು ಮಾತಾಡಲಾರೆ.

ಕಳೆದ ದೀಪಾವಳಿ ಹೊತ್ತಿಗೆ ನಾಲಿಗೆ ತೊದಲಲು ಶುರುವಾಯಿತು. ಹಾಲಿನ ಅಂಗಡಿಯವನು "ಏನ್ ಯಜಮಾನ್ರೇ, ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಬಿಟ್ಟಿದ್ದೀರಾ" ಅಂದ. ಜನ್ಮದಲ್ಲಿ ತೊಟ್ಟು ಕುಡಿಯದ ನಾನು ನಕ್ಕು ಬಂದೆ. ಸಂಕ್ರಾಂತಿ ಹೊತ್ತಿಗೆ ನೀರು ಕುಡಿದರೆ ಮೂಗಿಗೆ ಬರುತ್ತಿತ್ತು. ದೊಡ್ಡ ಡಾಕ್ಟರು ಏನೇನೋ ಪರೀಕ್ಷೆ ಮಾಡಿಸಿ, ಕೊನೆಗೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಆಗಲೇ ನನಗೆ ಗೊತ್ತಾಯಿತು. ನರಗಳು ಒಂದೊಂದಾಗಿ ಮಲಗುವ ಕಾಯಿಲೆಯಂತೆ. ಮೊದಲು ನಾಲಿಗೆ, ಆಮೇಲೆ ಕೈಕಾಲು, ಕೊನೆಗೆ ಉಸಿರು. ಬುದ್ಧಿ ಮಾತ್ರ ಎದ್ದು ಕೂತು ಎಲ್ಲವನ್ನೂ ನೋಡುತ್ತಿರುತ್ತದಂತೆ. ಔಷಧಿ ಇಲ್ಲ.

ಸಾಯುವುದಕ್ಕೆ ಹೆದರಿಲ್ಲ, ಹಬೀಬ್. ನಮ್ಮನೆಯವಳು ಮರಿಯಮ್ಮ ಹೋದ ಹಾಗೆ ಹೋಗುವುದಕ್ಕೆ ಹೆದರಿದ್ದೇನೆ. ನಿನಗೆ ಯಾರಾದರೂ ಹೇಳಿದರೋ ಇಲ್ಲವೋ, ಅವಳು ಇಪ್ಪತ್ತಮೂರು ದಿನ ಐಸಿಯುನಲ್ಲಿದ್ದಳು. ಗಂಟಲಿನ ನಳಿಗೆ ಕಿತ್ತುಕೊಳ್ಳುತ್ತಾಳೆ ಅಂತ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ದಿನಕ್ಕೊಂದು ಕಾಗದ ತರುವರು, ದಿನಕ್ಕೊಂದು ಸಹಿ ಹಾಕಿದೆ. "ಸಾಕು" ಅಂತ ಹೇಳಿ ಸಹಿ ಹಾಕುವ ಕಾಗದ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಈಗ ಅಂಥದ್ದೊಂದು ಬಂದಿದೆ. ಜನವರಿಯಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿದ್ದನ್ನು ಪೇಪರಿನಿಂದ ಕತ್ತರಿಸಿಟ್ಟುಕೊಂಡಿದ್ದೇನೆ. ವಾಸಿಯಾಗುವ ಆಸೆ ಇಲ್ಲದಾಗ ನನ್ನನ್ನು ಯಂತ್ರಕ್ಕೆ ಕಟ್ಟಬೇಡಿ, ಕಟ್ಟಿದ್ದರೆ ಬಿಚ್ಚಿ ಅಂತ ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು. ಇಬ್ಬರು ಸಾಕ್ಷಿ, ಒಬ್ಬ ನೋಟರಿ. ಆ ದಿನ ಬಂದಾಗ ಆಸ್ಪತ್ರೆಯ ಮೂವರು ಡಾಕ್ಟರು ನೋಡುತ್ತಾರೆ. ಆಮೇಲೆ ಸರ್ಕಾರದ ಕಡೆಯ ಒಬ್ಬರು ಸೇರಿದ ಇನ್ನೊಂದು ಮಂಡಳಿ ನೋಡುತ್ತದೆ. ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಬಿಚ್ಚುತ್ತಾರೆ. ಇದಕ್ಕೆಲ್ಲ ನನ್ನ ಪರವಾಗಿ ನಿಂತು ಒಪ್ಪಿಗೆಯ ಸಹಿ ಹಾಕುವವರ ಹೆಸರನ್ನು ಆ ಕಾಗದದಲ್ಲಿ ಮೊದಲೇ ಬರೆದಿರಬೇಕು.

ನಿನ್ನ ಹೆಸರು ಬರೆಯಲೇ? ನಿನ್ನದು ಮೊದಲು, ನನ್ನ ಮಗಳು ಶಾಂತಲಾಳದ್ದು ಆಮೇಲೆ. ಮಗ ಉಮೇಶನದ್ದು ಇಲ್ಲ.

ನಿನಗೆ ಕಿವಿ ಹೋಗಿದೆ ಅಂತ ಕೇಳಿದೆ. ಕಾಗದವೇ ಸರಿ ನಮಗೆ.

ನಿನ್ನ
ನರಸಿಂಹಯ್ಯ


ಆರ್.ಟಿ. ನಗರ
14 ಮಾರ್ಚ್ 2025

ನರಸಿಂಹಾ,

ನಿನ್ನ ಕಾಗದ ಬಂದು ವಾರವಾಯಿತು. ಓದಿ ಬಟ್ಟೆಯ ಕಪಾಟಿನಲ್ಲಿಟ್ಟೆ, ತೆಗೆದು ಓದಿದೆ, ಮತ್ತೆ ಇಟ್ಟೆ. ಉಪವಾಸದ ತಿಂಗಳು, ಸುಳ್ಳು ಬರೆಯಬಾರದು, ಅದಕ್ಕೇ ತಡ ಮಾಡಿದೆ.

ಮರಿಯಮ್ಮನ ವಿಷಯ ಯಾರೂ ಹೇಳಿರಲಿಲ್ಲ. ಆಕೆಯ ಕೈಯ ಮುದ್ದೆ ಎಷ್ಟು ತಿಂದಿದ್ದೇನೆ. ಕೈ ಕಟ್ಟಿದ್ದರು ಅಂತ ನೀನು ಬರೆದ ಕಡೆ ನಿಂತುಬಿಟ್ಟೆ, ಮುಂದಕ್ಕೆ ಓದಲು ಆ ದಿನ ಆಗಲಿಲ್ಲ.

ಆದರೆ ನನ್ನ ಹೆಸರು ಬರೆಯಬೇಡ. ಮೂವತ್ತೆಂಟು ವರ್ಷ ತಹಸೀಲ್ದಾರರಿಗೆ, ಮ್ಯಾಜಿಸ್ಟ್ರೇಟರಿಗೆ ಲೆಕ್ಕವಿಲ್ಲದಷ್ಟು ಕಾಗದ ಟೈಪ್ ಮಾಡಿದ್ದೇನೆ. ಒಂದರಲ್ಲೂ ನನ್ನ ಹೆಸರಿಲ್ಲ. ನಮ್ಮಪ್ಪ ಮಷೀನು ಕೊಡಿಸಿದ ದಿನ ಹೇಳಿದ್ದು ಅದೊಂದೇ: ಬೇರೆಯವರ ಹೆಸರು ಎಷ್ಟು ಬೇಕಾದರೂ ಹೊಡಿ, ನಿನ್ನದು ಹೊಡೆಯಬೇಡ. ಅದರಿಂದಲೇ ಇಷ್ಟು ದಿನ ನೆಮ್ಮದಿಯಾಗಿದ್ದೆ.

ನೀನೇ ಯೋಚಿಸು. ಒಬ್ಬ ಗೌಡರ ಮನೆಯ ಯಜಮಾನ ಆಸ್ಪತ್ರೆಯಲ್ಲಿದ್ದಾನೆ, ಉಸಿರಿನ ಯಂತ್ರ ನಿಲ್ಲಿಸಿ ಅಂತ ಸರ್ಕಾರದ ಕಾಗದದ ಮೇಲೆ ಸಹಿ ಹಾಕಿದವನ ಹೆಸರು ಹಬೀಬುಲ್ಲಾ. ಈ ಸಾಲನ್ನು ಜೋರಾಗಿ ಓದಿ ನೋಡು, ನಿನಗೆ ಆಗದಿದ್ದರೆ ಶಾಂತಲಾ ಕೈಲಿ ಓದಿಸು. ಹೇಗೆ ಕೇಳಿಸುತ್ತದೆ? ನನ್ನ ಮಗ ಮುನ್ನಾಗೆ ಮೇನ್ ರೋಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಬೋರ್ಡಿನ ಮೇಲೆ ನನ್ನ ಹೆಸರೇ ಇದೆ.

ಹೆಸರು ಬಿಟ್ಟು ಬೇರೇನು ಬೇಕಾದರೂ ಕೇಳು. ಟೈಪ್ ಮಾಡಿಕೊಡಲೇ?

ಹಬೀಬುಲ್ಲಾ


ಸೋಲದೇವನಹಳ್ಳಿ
22 ಮಾರ್ಚ್ 2025

ಹಬೀಬ್,

ಪೆನ್ನು ಬೆರಳಲ್ಲಿ ನಿಲ್ಲುತ್ತಿಲ್ಲ. ಪದಕ್ಕೊಮ್ಮೆ ಬೀಳುತ್ತದೆ, ಶಾಂತಲಾ ಎತ್ತಿಕೊಡುತ್ತಾಳೆ. ಅವಳೇ ಬರೆಯುತ್ತೇನೆ ಅಂದಳು. ಇದನ್ನು ನಾನೇ ಬರೆಯಬೇಕು ಅಂತ ಸನ್ನೆ ಮಾಡಿದೆ.

ಕೊರೋನಾ ವರ್ಷದ ರಂಜಾನ್ ಹಬ್ಬದ ದಿನ ನೀನು ಡಬ್ಬಿ ಹಿಡಿದು ಬಂದೆ. ಟಿವಿಯಲ್ಲಿ ನಿಮ್ಮವರ ಮೇಲೆ ಏನೇನೋ ಹೇಳುತ್ತಿದ್ದರು. ನಾನು ಗೇಟು ತೆಗೆಯಲಿಲ್ಲ. "ಕಾಂಪೌಂಡ್ ಮೇಲೆ ಇಡು" ಅಂದೆ. ನೀನು ಇಟ್ಟೆ. ಸಂಜೆವರೆಗೂ ಅದನ್ನು ಯಾರೂ ಮುಟ್ಟಲಿಲ್ಲ, ಇರುವೆ ಮುತ್ತಿತು. ಡಬ್ಬಿ ತೊಳೆದು ವಾಪಸ್ ಕೊಡಲು ಎರಡು ಸಲ ಹೆಬ್ಬಾಳದವರೆಗೂ ಬಂದು ಹಿಂದಕ್ಕೆ ಹೋಗಿದ್ದೇನೆ.

ಹೆದರಿದವನು ಏನು ಮಾಡುತ್ತಾನೆ ಅಂತ ನನಗೆ ಗೊತ್ತು. ಅದಕ್ಕೇ ನೀನು ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ.

ಉಮೇಶನ ಹೆಸರು ಯಾಕಿಲ್ಲ ಅಂದರೆ, ಅವನು ಹತ್ತು ಮಹಡಿ ಕಟ್ಟಡ ಕಟ್ಟುತ್ತಾನೆ, ಆದರೆ ಅವರಮ್ಮನ ಐಸಿಯು ಬಾಗಿಲು ದಾಟಲಿಲ್ಲ. ಈ ಮಾತು ಎತ್ತಿದರೆ "ಅಪ್ಪಾ ಇಂಗೆಲ್ಲ ಬರೀಬ್ಯಾಡ" ಅಂತ ನಾನು ಮಾತಿಗೆ ಇಟ್ಟುಕೊಂಡ ಸ್ಲೇಟು ಕಿತ್ತುಕೊಳ್ಳುತ್ತಾನೆ. ಶಾಂತಲಾ ಗಟ್ಟಿ. ಆದರೆ ಒಬ್ಬಳೇ ಮಗಳು ಒಂಟಿಯಾಗಿ ಇದನ್ನು ಹೊತ್ತು ಈ ಊರಲ್ಲಿ ಬದುಕುವುದು ಕಷ್ಟ.

ನೀನೇ ಯಾಕೆ ಅಂದರೆ, ನಾನು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿದವನು ನೀನೊಬ್ಬನೇ. ಮಿಕ್ಕವರೆಲ್ಲ ತಮ್ಮದೊಂದು ಸೇರಿಸುತ್ತಾರೆ.

ಬೇಡ ಅಂದರೆ ಬೇಡ. ಬಲವಂತ ಇಲ್ಲ.

ನರಸಿಂಹಯ್ಯ


ಆರ್.ಟಿ. ನಗರ
2 ಏಪ್ರಿಲ್ 2025

ನರಸಿಂಹಾ,

ಮೊನ್ನೆ ಹಬ್ಬ ಮುಗಿಯಿತು. ಮಷೀನನ್ನು ಅಟ್ಟದಿಂದ ಇಳಿಸಿ ಎಣ್ಣೆ ಬಿಟ್ಟೆ. ರಿಬ್ಬನ್ ಹುಡುಕಿಕೊಂಡು ಅವೆನ್ಯೂ ರಸ್ತೆವರೆಗೂ ಹೋಗಿದ್ದೆ. ಅಂಗಡಿಯವನು "ಇನ್ನೂ ಇದ್ದೀರಾ ನೀವು" ಅಂದ. ಮಷೀನಿಗೆ ಹೇಳಿದನೋ ನನಗೋ ಗೊತ್ತಾಗಲಿಲ್ಲ.

ಸೋಮವಾರ ಬರುತ್ತೇನೆ. ಗಂಗಾನಗರದ ನೋಟರಿ ನನಗೆ ಹಳೆಯ ಪರಿಚಯ, ಅವರೂ ಬರುತ್ತಾರೆ. ನನ್ನ ಹೆಸರು ಬರೆಯೋಣ. ಮುನ್ನಾಗೆ ಹೇಳಿಲ್ಲ, ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಈ ವಿಷಯ ಫೋನಿನಲ್ಲಿ ಯಾರೂ ಯಾರಿಗೂ ಕಳಿಸಬೇಡಿ. ಫೋಟೋ ತೆಗೆಯಬೇಡಿ.

ಹಬೀಬುಲ್ಲಾ


ಸೋಲದೇವನಹಳ್ಳಿ
20 ಜೂನ್ 2025

ಹಬೀಬ್,

ಏಪ್ರಿಲ್‌ನಲ್ಲಿ ನೀನು ಬಂದು ಟೈಪ್ ಮಾಡಿದ ನಮ್ಮ ಕಾಗದದ ಒಂದು ಪ್ರತಿಯನ್ನು ನಿಯಮದಂತೆ ಇಲ್ಲಿಯ ಸರ್ಕಾರಿ ಕಚೇರಿಗೆ ಕೊಟ್ಟೆವು. ಕೌಂಟರಿನ ಹುಡುಗಿ "ಇದು ಖಾತೆ ಬದಲಾವಣೆಯಾ, ಜನನ ಮರಣವಾ" ಅಂದಳು. ಶಾಂತಲಾ "ಮರಣಕ್ಕಿಂತ ಸ್ವಲ್ಪ ಮುಂಚೆ ಕಣಮ್ಮಾ" ಅಂದಳು. ಹುಡುಗಿ ನನ್ನನ್ನು ಒಂದು ಸಲ ನೋಡಿ, ಎದ್ದು ನಿಂತು ಸೀಲು ಹಾಕಿದಳು.

ಈಗ ಮಲಗಿದರೆ ಉಸಿರು ಸಾಲುವುದಿಲ್ಲ. ಗೋಡೆಗೆ ಒರಗಿ ಕೂರುತ್ತೇನೆ. ಹೆದರಿಕೆ ಆಗುತ್ತದೆ. ಕಾಗದ ಇದೆಯಲ್ಲ ಅಂದುಕೊಂಡರೆ ಸ್ವಲ್ಪ ಕಡಿಮೆಯಾಗುತ್ತದೆ.

ನ.


ಹೆಬ್ಬಾಳ
24 ಆಗಸ್ಟ್ 2025

ಹಬೀಬ್ ಮಾಮ,

ಮೂರು ಸಲ ಫೋನ್ ಮಾಡಿದೆ. ಮುನ್ನಾ ಅಣ್ಣ ಎತ್ತಿ "ಅಬ್ಬಾಗೆ ಹುಷಾರಿಲ್ಲ" ಅಂತ ಇಟ್ಟುಬಿಡುತ್ತಾರೆ. ಅದಕ್ಕೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಸ್ಪೀಡ್ ಪೋಸ್ಟಿನಲ್ಲಿ ನಿಮ್ಮ ಕೈಗೇ ಬರುತ್ತದೆ ಅಂದುಕೊಂಡಿದ್ದೇನೆ.

ಹನ್ನೆರಡನೇ ತಾರೀಕು ಬೆಳಿಗ್ಗೆ ಗಂಜಿ ಕುಡಿಸುವಾಗ ಅಪ್ಪನಿಗೆ ನೆತ್ತಿಗೇರಿತು. ನಾನು ಬೆನ್ನು ತಟ್ಟುತ್ತಿದ್ದೆ. ಉಮೇಶ ಓಡಿಬಂದು ಅಪ್ಪನನ್ನು ಮಗುವಿನ ಹಾಗೆ ಎತ್ತಿಕೊಂಡು ಕಾರಿಗೆ ಹಾಕಿದ. ದಾರಿಯಲ್ಲಿ ಹೃದಯ ನಿಂತಿತ್ತಂತೆ. ಇಲ್ಲಿ ಅದನ್ನು ಮತ್ತೆ ಬಡಿಯುವಂತೆ ಮಾಡಿದರು. ಮೆದುಳು ಮಾತ್ರ ವಾಪಸ್ ಬರಲಿಲ್ಲ. ನಾನು ಕಾಗದ ಹುಡುಕಿಕೊಂಡು ಬರುವಷ್ಟರಲ್ಲಿ ನಳಿಗೆ ಹಾಕಿ ಯಂತ್ರಕ್ಕೆ ಕಟ್ಟಿಯಾಗಿತ್ತು. ಉಮೇಶನನ್ನು ಬೈಯಲು ಬಾಯಿ ಬರಲಿಲ್ಲ. ಅವನ ಅಂಗಿಯ ತುಂಬ ಗಂಜಿ.

ಡಾಕ್ಟರುಗಳು ಒಳ್ಳೆಯವರು. ಕಾಗದ ಓದಿದರು. ಆಸ್ಪತ್ರೆಯ ಮೂವರೂ ನೋಡಿ, ಇನ್ನು ಇವರು ಏಳುವುದಿಲ್ಲ, ನಿಮ್ಮ ತಂದೆ ಬಯಸಿದಂತೆ ಮಾಡಬಹುದು, ಎರಡನೇ ಮಂಡಳಿಗೆ ಬರೆಯುತ್ತೇವೆ ಅಂದರು. ಆಗ ಆಸ್ಪತ್ರೆಯ ಕಾನೂನು ಅಧಿಕಾರಿ ಬಂದು ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅದು ಹೀಗಿದೆ: "ಮುಂದಿನ ಕ್ರಮ ಜರುಗಿಸುವ ಮೊದಲು ಸಂಬಂಧಪಟ್ಟ ಎಲ್ಲರಿಗೂ ತಿಳಿವಳಿಕೆ ಪತ್ರ ನೀಡಿ, ತಕರಾರು ಇದ್ದಲ್ಲಿ ಆಲಿಸಿ ಇತ್ಯರ್ಥಪಡಿಸಿದ ನಂತರವೇ ಮುಂದುವರಿಯಬೇಕಾಗಿ ಕೋರುತ್ತೇನೆ."

"ಕಾನೂನಿನಲ್ಲಿ ಇಂಥದ್ದೇನೂ ಇಲ್ಲಮ್ಮ. ಆದರೆ ಬರೆದವರೇ ಕೇಳಿಕೊಂಡಿದ್ದಾರೆ. ಇದನ್ನು ಮೀರಿ ನಾಳೆ ಕೋರ್ಟಿಗೆ ಉತ್ತರ ಕೊಡುವವರು ಯಾರು" ಅಂದರು. ಅವರ ಮುಖದಲ್ಲೂ ಹೆದರಿಕೆಯಿತ್ತು. ಉಮೇಶನಿಗೆ ನೋಟಿಸ್ ಕೊಟ್ಟರು. ಅವನು ಅದೇ ದಿನ ತಕರಾರು ಬರೆದುಕೊಟ್ಟ. ಈಗ ಎಲ್ಲ ನಿಂತಿದೆ, ಯಂತ್ರ ಒಂದು ಬಿಟ್ಟು.

ಅಪ್ಪನ ಕೈ ಕಟ್ಟಿಲ್ಲ. ಕಟ್ಟುವ ಅಗತ್ಯವೇ ಇಲ್ಲವಂತೆ.

ಮಾಮ, ಆ ಸಾಲನ್ನು ಅಪ್ಪ ಹೇಳಿದ್ದರಾ?

ಶಾಂತಲಾ


ಆರ್.ಟಿ. ನಗರ
28 ಆಗಸ್ಟ್ 2025

ಮಗಳೇ ಶಾಂತಲಾ,

ಅವನು ಹೇಳಲಿಲ್ಲ. ನಾನು ಹೊಡೆದೆ.

ಹೊಡೆದೆ ಅಂತ ಹೇಳುವುದೂ ಸರಿಯಲ್ಲ, ಬೆರಳು ಹೊಡೆಯಿತು. ನೀನು ಚಿಕ್ಕವಳಿದ್ದಾಗ ನಿಮ್ಮ ಕೆರೆ ಪಕ್ಕದ ಎರಡು ಎಕರೆ ನೋಟಿಸಿಲ್ಲದೆ ಸರ್ಕಾರದ ಪಾಲಾಯಿತು. ಬೆಳಿಗ್ಗೆ ನಿಮ್ಮಪ್ಪ ರಾಗಿ ನೋಡಲು ಹೋದರೆ ಹೊಲದಲ್ಲಿ ಕಲ್ಲು ನೆಟ್ಟಿದ್ದರು. ಆ ಮಧ್ಯಾಹ್ನ ಹೊಂಗೆ ಮರದ ಕೆಳಗೆ ಬಂದು ಅವನು ಈ ಸಾಲು ಕಟ್ಟಿದ. ಅವತ್ತಿನಿಂದ ನಾವು ಮಾಡಿದ ಪ್ರತಿ ಅರ್ಜಿಯ ಕೊನೆಗೂ ಅದು ಇರುತ್ತಿತ್ತು. ಯಾರದೇ ಮನೆ, ಹೊಲ, ರಸ್ತೆ, ಬಾವಿ. ಇಪ್ಪತ್ತು ವರ್ಷ. ಅದಿಲ್ಲದೆ ಕಾಗದ ಮಷೀನಿನಿಂದ ಹೊರಗೆ ಬರುತ್ತಲೇ ಇರಲಿಲ್ಲ. ಏಪ್ರಿಲ್‌ನಲ್ಲಿ ಅವನು ಸ್ಲೇಟಿನಲ್ಲಿ ಬರೆದದ್ದನ್ನೆಲ್ಲ ಹೊಡೆದು ಮುಗಿಸಿದೆ, ಕೈ ನಿಲ್ಲಲಿಲ್ಲ. ಅವನೂ ಓದಿದ, ತಲೆ ಆಡಿಸಿದ. ನಮ್ಮಿಬ್ಬರಿಗೂ ಅದು ಕಾಣಿಸಲೇ ಇಲ್ಲ, ಮಗಳೇ. ನಮ್ಮ ಮೂಗು ನಮಗೆ ಕಾಣಿಸದ ಹಾಗೆ.

ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡುವವನು ಅಂತ ನನ್ನನ್ನು ಕರೆದಿದ್ದ. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ಮುನ್ನಾಗೆ ಈಗ ಎಲ್ಲ ಗೊತ್ತಾಗಿದೆ. ನಿನ್ನ ಸ್ಪೀಡ್ ಪೋಸ್ಟಿಗೆ ಸಹಿ ಹಾಕಿದವನು ಅವನೇ. ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ, "ಅಬ್ಬಾ, ಒಬ್ಬ ನಿಮ್ಮ ಫೋಟೋ ಹಾಕಿ ಕೆಳಗೆ ಒಂದು ಸಾಲು ಬರೆದರೆ ಸಾಕು. ನರಸಿಂಹಯ್ಯ ಅಂಕಲ್ ಬಂದು 'ನಾನೇ ಕೇಳಿಕೊಂಡಿದ್ದೆ' ಅಂತ ಹೇಳ್ತಾರಾ?" ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮಕ್ಕಳನ್ನು ಒಳಗೆ ಕಳಿಸಿದ್ದಳು.

ನಿನ್ನ ಕಾಗದ ಮಡಿಸಿ ಬಟ್ಟೆಯ ಕಪಾಟಿನಲ್ಲಿಟ್ಟೆ.

ನಿನ್ನ
ಹಬೀಬ್ ಮಾಮ


ಸೋಲದೇವನಹಳ್ಳಿ
1 ಸೆಪ್ಟೆಂಬರ್ 2025

ಹಬೀಬ್ ಸಾಬ್ರಿಗೆ,

ನಂಗೆ ಕಾಗದ ಬರ್ದು ಅಭ್ಯಾಸ ಇಲ್ಲ. ಅಕ್ಕ ನೀವು ಬರ್ದಿದ್ದು ತೋರಿಸ್ದಳು. ಅದಕ್ಕೆ ಬರೀತಿದೀನಿ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಎಲ್ರೂ ನಾನು ಅಪ್ಪನ್ನ ಹಿಂಸೆ ಮಾಡ್ತಿದೀನಿ ಅಂದ್ಕೊಂಡಿದಾರೆ. ಸರ್ಕಾರದ ಸೀಲು ಇರೋ ಕಾಗದ ಬಂದ್ರೆ ಮೊದ್ಲು ತಕರಾರು ಹಾಕು, ಆಮೇಲೆ ಓದು ಅಂತ ಹೇಳ್ಕೊಟ್ಟಿದ್ದೇ ಅಪ್ಪ. ನಾನು ಅಷ್ಟೇ ಮಾಡಿದ್ದು. ಆಮೇಲೆ ಓದಿದೆ. ಓದಿ ಆ ಬೆಂಚ್ ಮೇಲೆ ಕೂತ್ಬಿಟ್ಟೆ.

ದಿನಾ ಐದು ನಿಮಿಷ ಒಳಗೆ ಬಿಡ್ತಾರೆ. ಅಮ್ಮನ ಟೈಮಲ್ಲಿ ಹೋಗ್ಲಿಲ್ಲ ಅಂತ ಈ ಸಲ ದಿನಾ ಹೋಗ್ತೀನಿ. ಅಪ್ಪನ ಪಾದ ಮುಟ್ಟಿದ್ರೆ ಬೆರಳು ಅಲ್ಲಾಡ್ತದೆ. ಡಾಕ್ಟ್ರು ಅದು ನರದ ಆಟ, ಅವರಿಗೆ ಏನೂ ಗೊತ್ತಾಗಲ್ಲ ಅಂತಾರೆ. ಅವ್ರು ಹೇಳೋದು ನಿಜಾನೇ ಇರ್ಬೋದು. ಆದ್ರೂ ದಿನಾ ಮುಟ್ತೀನಿ.

ನಮ್ಮ ದೊಡ್ಡಪ್ಪ ರಾಮಕೃಷ್ಣಪ್ಪ ನಿಮಗೆ ಗೊತ್ತಲ್ಲ, ಅಪ್ಪನ ಅಣ್ಣ. ಮೊನ್ನೆ ಆಸ್ಪತ್ರೆಗೆ ಬಂದು ಎಲ್ರ ಮುಂದೆ "ಅದಕ್ಕೆ ಸೈನ್ ಹಾಕ್ದೋನು ಕೊಂದೋನೇ ಕಣ್ಲಾ" ಅಂದ್ರು. ಜಮೀನಿನ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಐತೆ. ನಾನು ಸೈನ್ ಹಾಕಿದ್ರೆ ಊರಲ್ಲಿ ಏನಂತಾರೆ ನಿಮ್ಗೇ ಗೊತ್ತು. ನಾಳೆ ನನ್ನ ಮಗಳು ದೊಡ್ಡೋಳಾಗಿ ಯಾರಿಂದನೋ ಕೇಳ್ತಾಳೆ. ಅದನ್ನ ನೆನೆಸ್ಕೊಂಡ್ರೆ ಪೆನ್ನು ಕೆಳಗೆ ಇಟ್ಬಿಡ್ತೀನಿ.

ಅಪ್ಪ ಇಂಗೆ ಇರೋದೂ ನೋಡಕ್ಕಾಗ್ತಿಲ್ಲ.

ಎಂಟನೇ ತಾರೀಕು ಎರಡನೇ ಮಂಡಳಿ ಕೂರ್ತದಂತೆ, ಗೌರ್ಮೆಂಟ್ ಡಾಕ್ಟ್ರು ಬರ್ತಾರಂತೆ. ತಕರಾರು ಇರೋವರ್ಗೂ ಅವರೂ ಏನೂ ಮಾಡಂಗಿಲ್ಲ ಅಂದ್ರು. ನೀವು ಬನ್ನಿ ಸಾಬ್ರೇ. ನೀವು ಮೊದ್ಲು ಸೈನ್ ಹಾಕಿ. ನೀವು ಹಾಕಿದ್ರೆ ನಾನು ತಕರಾರು ವಾಪಸ್ ತಗೊಂಡು ನಿಮ್ಮ ಕೆಳಗೆ ಹಾಕ್ತೀನಿ. ಮೊದಲ್ನೇದು ನನ್ ಕೈಲಿ ಆಗಲ್ಲ.

ಕೇಳಬಾರದ್ದು ಕೇಳ್ತಿದೀನಿ ಅಂತ ಗೊತ್ತು.

ಉಮೇಶ್ ಎನ್.


ಆರ್.ಟಿ. ನಗರ
9 ಸೆಪ್ಟೆಂಬರ್ 2025

ಮಗಳೇ,

ನಿನ್ನೆ ನಿಮ್ಮಿಬ್ಬರ ಹತ್ತಿರವೂ ಮಾತಾಡದೆ ಎದ್ದು ಬಂದುಬಿಟ್ಟೆ. ತಪ್ಪು ತಿಳಿಯಬೇಡ. ಬಾಯಿ ತೆಗೆದಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಮುನ್ನಾ ಕೆಳಗೆ ಸ್ಕೂಟರಿನ ಮೇಲೆ ಕಾಯುತ್ತಿದ್ದ. ಬೇಡ ಬೇಡ ಅನ್ನುತ್ತಲೇ ಕರೆದುಕೊಂಡು ಬಂದಿದ್ದ ಅವನು.

ಒಳಗೆ ಏನಾಯಿತು ಅಂತ ನೀನು ತಿಳಿದಿರಬೇಕು. ಮೊದಲು ಐಸಿಯುಗೆ ಕರೆದುಕೊಂಡು ಹೋದರು. ಅವನ ಮುಖ ಚಿಕ್ಕದಾಗಿದೆ. ಮೀಸೆ ಬೋಳಿಸಿದ್ದಾರೆ, ನಳಿಗೆಗೆ ಅಂಟು ಪಟ್ಟಿ ಹಾಕಲು. ನಲವತ್ತು ವರ್ಷದಲ್ಲಿ ಆ ಮೀಸೆ ಇಲ್ಲದ ನರಸಿಂಹಯ್ಯನನ್ನು ನಾನು ನೋಡಿರಲಿಲ್ಲ. ಮೊದಲು ಬೇರೆ ಯಾರೋ ಅಂದುಕೊಂಡೆ, ಒಂದು ಗಳಿಗೆ ಸಂತೋಷವೂ ಆಯಿತು.

ಆಮೇಲೆ ಒಂದು ಕೋಣೆ. ಮೇಜಿನ ಆಚೆ ಮೂವರು. ಸರ್ಕಾರದ ಕಡೆಯವರು ಒಬ್ಬ ಹೆಣ್ಣುಮಗಳು, ನಿನ್ನ ವಯಸ್ಸಿರಬೇಕು. ನನಗೆ ಕಿವಿ ಕೇಳುವುದಿಲ್ಲ ಅಂತ ಗೊತ್ತಾದ ಮೇಲೆ ಪ್ರಶ್ನೆಗಳನ್ನು ಚೀಟಿಯ ಮೇಲೆ ಬರೆದು ನನ್ನ ಕಡೆ ತಳ್ಳಿದರು. ಇದು ನಿಮ್ಮ ಆಸೆಯೋ ಅವರ ಆಸೆಯೋ? ಅವನದು ಅಂತ ಬರೆದೆ. ಅವರ ಸಾವಿನಿಂದ ನಿಮಗೆ ಏನಾದರೂ ಲಾಭ ಇದೆಯೇ? ಇಲ್ಲ. ಒಪ್ಪಿಗೆ ಕೊಡಲು ಯಾರಾದರೂ ನಿಮ್ಮನ್ನು ಹೆದರಿಸಿದ್ದಾರೆಯೇ?

"ಹೆದರಿಕೆ ಇದೆ, ಹೆದರಿಸಿದವರಿಲ್ಲ" ಅಂತ ಬರೆದೆ. ಅವರು ಓದಿ ಕನ್ನಡಕ ತೆಗೆದರು. ನೀರು ತರಿಸಿಕೊಟ್ಟರು. ಸಹಿ ಹಾಕುವುದು ಬೇಡ ಅನಿಸಿದರೆ ಎದ್ದು ಹೋಗಬಹುದು ಅಂತಲೂ ಬರೆದು ತೋರಿಸಿದರು. ಸರ್ಕಾರ ನನಗೆ ಹೀಗೆ ಹೇಳಿದ್ದು ಇದೇ ಮೊದಲು.

ಸಹಿ ಹಾಕಿದೆ. ನನ್ನ ಕೆಳಗೆ ನೀನು, ನಿನ್ನ ಕೆಳಗೆ ಉಮೇಶ. ಅವನ ತಕರಾರಿನ ಮೇಲೆ "ಹಿಂಪಡೆಯಲಾಗಿದೆ" ಅಂತ ಬರೆಯುವಾಗ ಅವನ ಕೈಯನ್ನು ನೀನು ಹಿಡಿದುಕೊಂಡಿದ್ದು ಗಾಜಿನ ಆಚೆಯಿಂದ ನೋಡಿದೆ.

ಒಂದು ಮಾತು ಯಾರ ಹತ್ತಿರವೂ ಹೇಳಿಲ್ಲ. ನಿಮ್ಮಪ್ಪ ನನ್ನನ್ನು ಆರಿಸಿದ್ದು ಸ್ನೇಹಕ್ಕೋ, ನಾಳೆ ಬೈಗುಳ ತಿನ್ನಲು ಹೊರಗಿನವನೊಬ್ಬ ಇರಲಿ ಅಂತಲೋ? ಮನೆಗೆ ಬಂದಾಗಿನಿಂದ ಅದೇ ಯೋಚನೆ. ಕೇಳೋಣ ಅಂದರೆ ಅವನು ಹಾಗಿದ್ದಾನೆ. ಎರಡೂ ಇರಬಹುದು.

ಮ್ಯಾಜಿಸ್ಟ್ರೇಟರಿಗೆ ಕಾಗದ ಹೋದ ಮೇಲೆ ಬಿಚ್ಚುತ್ತಾರಂತೆ. ಆಗ ನಾನು ಬರುವುದಿಲ್ಲ. ನೀನು ಅವನ ಕಿವಿಯಲ್ಲಿ ನನ್ನ ಹೆಸರು ಹೇಳು.

ಹಬೀಬ್ ಮಾಮ


ಸೋಲದೇವನಹಳ್ಳಿ
22 ಸೆಪ್ಟೆಂಬರ್ 2025

ಹಬೀಬ್ ಮಾಮ,

ಅಪ್ಪ ಹನ್ನೊಂದನೇ ತಾರೀಕು ಗುರುವಾರ ಹೋದರು. ಮುನ್ನಾ ಅಣ್ಣನಿಗೆ ಮೆಸೇಜ್ ಮಾಡಿದ್ದೆ, ತಲುಪಿರಬೇಕು.

ನಳಿಗೆ ತೆಗೆದ ಮೇಲೆ ನಲವತ್ತು ನಿಮಿಷ ಇದ್ದರು. ಔಷಧಿ ಕೊಟ್ಟಿದ್ದರು, ಒದ್ದಾಡಲಿಲ್ಲ. ನರ್ಸ್ ಅಂಟು ಪಟ್ಟಿಯ ಗುರುತನ್ನು ಬಿಸಿನೀರಿನಲ್ಲಿ ಒರೆಸಿ ತೆಗೆದರು. ನಿಮ್ಮ ಹೆಸರು ಹೇಳಿದೆ. ಉಮೇಶ ಪಾದ ಹಿಡಿದುಕೊಂಡು ಕೂತಿದ್ದ. ಒಂದು ಸಲಕ್ಕೆ ಉಸಿರು ಹೊರಗೆ ಹೋಯಿತು, ನಾವು ಮುಂದಿನದಕ್ಕೆ ಕಾಯುತ್ತಲೇ ಇದ್ದೆವು.

ನಿನ್ನೆ ಹನ್ನೊಂದನೇ ದಿನದ ಕಾರ್ಯ. ಶಾಮಿಯಾನದ ಕೆಳಗೆ ನಾನೂರು ಜನ. ಉಮೇಶ ತಲೆ ಬೋಳಿಸಿಕೊಂಡು, ಪಂಚೆ ಉಟ್ಟು ಬಡಿಸುತ್ತಿದ್ದ. ದೊಡ್ಡಪ್ಪನ ಎಲೆಗೆ ಪಾಯಸ ಬಡಿಸಲು ಬಗ್ಗಿದಾಗ ಅವರು ಎಲೆಗೆ ಕೈ ಅಡ್ಡ ಹಿಡಿದು, ಸಾಲಿಗೆಲ್ಲ ಕೇಳುವ ಹಾಗೆ "ಪಾಯಸ ಆಮೇಲೆ. ಮೊದ್ಲು ಹೇಳು, ಆಸ್ಪತ್ರೇಲಿ ಮೊದಲ್ನೇ ಸೈನ್ ಯಾರದ್ಲಾ?" ಅಂದರು.

ನಾನೂರು ಜನ ಉಣ್ಣುವುದು ನಿಲ್ಲಿಸಿದರೆ ಎಂಥ ಸದ್ದಿಲ್ಲದ ಜಾಗವಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಉಮೇಶ ನನ್ನನ್ನು ನೋಡಿದ. ನಾನು ಎಲೆಯನ್ನು ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಅವನು ಪಾಯಸದ ಬಕೆಟ್ಟನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದ. ದೊಡ್ಡಪ್ಪ ಉಣ್ಣದೆ ಎದ್ದರು, ಅವರ ಹಿಂದೆ ಅರ್ಧ ಸಾಲು ಎದ್ದಿತು.

ನಿನ್ನೆಯಿಂದ ಉಮೇಶ ಅನ್ನ ಮುಟ್ಟಿಲ್ಲ. ಸೈಟಿಗೂ ಹೋಗಿಲ್ಲ. ಮಗಳು ಹತ್ತಿರ ಬಂದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾನೆ. ನನಗೆ ಅವನನ್ನು ಒಬ್ಬನೇ ಬಿಡಲು ಭಯವಾಗಿ ಕಾಲೇಜಿನ ಕೆಲಸಕ್ಕೆ ರಜೆ ಹಾಕಿದ್ದೇನೆ.

ನಿಮಗೆ ಯಾಕೆ ಇದನ್ನು ಬರೆಯುತ್ತಿದ್ದೇನೆ ಅಂತ ಗೊತ್ತಿಲ್ಲ. ಬೇರೆ ಯಾರಿಗೂ ಬರೆಯುವ ಹಾಗಿಲ್ಲ, ಅದಕ್ಕೆ.

ಶಾಂತಲಾ


ಆರ್.ಟಿ. ನಗರ
26 ಸೆಪ್ಟೆಂಬರ್ 2025

ಸೋಲದೇವನಹಳ್ಳಿಯ ಶ್ರೀ ರಾಮಕೃಷ್ಣಪ್ಪನವರಿಗೆ, ಹಬೀಬುಲ್ಲಾ ಮಾಡುವ ನಮಸ್ಕಾರ.

ನಿಮ್ಮ ತಮ್ಮ ನರಸಿಂಹಯ್ಯನ ಕಾರ್ಯದ ದಿನ ನೀವು ಎಲೆಯ ಮುಂದೆ ಕೂತು ಒಂದು ಪ್ರಶ್ನೆ ಕೇಳಿದಿರಂತೆ. ಉತ್ತರ ಕೊಡಬೇಕಾದವನು ಅಲ್ಲಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೇ ಸಹಿ ನನ್ನದು. ಎರಡನೆಯದು, ಮೂರನೆಯದು ಅಂತ ಯಾವುದೂ ಇಲ್ಲ. ಉಮೇಶ ತಕರಾರು ಹಾಕಿದ್ದ, ಕೊನೆಯವರೆಗೂ ಅದನ್ನು ಬಿಡಲಿಲ್ಲ. ಶಾಂತಲಾ ಬೇಡ ಅಂತ ನನ್ನ ಕೈ ಹಿಡಿದುಕೊಂಡಳು. ನಾನು ಕೇಳಲಿಲ್ಲ. ಕಾಗದದಲ್ಲಿ ನಿಮ್ಮ ತಮ್ಮ ಮೊದಲು ಬರೆದದ್ದು ನನ್ನ ಹೆಸರನ್ನು. ಅಧಿಕಾರ ನನ್ನದಾಗಿತ್ತು, ನಾನು ನಡೆಸಿದೆ. ಆ ಇಬ್ಬರು ಮಕ್ಕಳು ಹೊರಗೆ ಬೆಂಚಿನ ಮೇಲಿದ್ದರು. ಕಾರ್ಯದ ದಿನ ಅವರು ನಿಮಗೆ ಬಾಯಿ ಬಿಡದೇ ಇದ್ದದ್ದು, ನನ್ನ ಹೆಸರು ಹೇಳಿದರೆ ನನಗೆ ತೊಂದರೆಯಾಗುತ್ತದೆ ಅಂತ. ಅವರಪ್ಪನ ಮಕ್ಕಳಲ್ಲವೇ.

ಇದನ್ನು ಬುದ್ಧಿ ನೆಟ್ಟಗಿರುವಾಗ, ಯಾರ ಬಲವಂತವೂ ಇಲ್ಲದೆ, ನನ್ನ ಕೈಯಿಂದಲೇ ಬರೆದಿದ್ದೇನೆ. ಊರಿನಲ್ಲಿ ಯಾರಿಗೆ ಬೇಕಾದರೂ ಓದಿ ಹೇಳಿ. ಫೋಟೋ ತೆಗೆದು ಕಳಿಸಬೇಕು ಅನಿಸಿದರೆ ಕಳಿಸಿ. ನನ್ನ ಪೂರ್ತಿ ಹೆಸರು, ಮನೆ ನಂಬರು, ಅಡ್ಡರಸ್ತೆ ಕೆಳಗೆ ಬಿಡಿಸಿ ಬರೆದಿದ್ದೇನೆ.

ಉಮೇಶ ಊಟ ಬಿಟ್ಟಿದ್ದಾನೆ. ದೊಡ್ಡಪ್ಪನಾದ ನೀವೇ ಈ ಕಾಗದ ಕೈಸೇರಿದ ದಿನವೇ ಅವನ ಮನೆಗೆ ಹೋಗಿ, ಎದುರಿಗೆ ಕೂರಿಸಿಕೊಂಡು ಉಣಿಸಬೇಕು. ಇದನ್ನು ಕೈಮುಗಿದು ಕೇಳುತ್ತೇನೆ.

ನನ್ನನ್ನು ಕೇಳುವುದಕ್ಕೆ ಯಾರು ಬಂದರೂ ಬರಲಿ. ಮನೆಯಲ್ಲೇ ಇರುತ್ತೇನೆ.

ಹಬೀಬುಲ್ಲಾ, ತಂದೆ ದಿವಂಗತ ರಹಮತುಲ್ಲಾ
ಮನೆ ನಂ. 41, ಮೂರನೇ ಅಡ್ಡರಸ್ತೆ, ಮಸೀದಿ ಹಿಂಭಾಗ
ಆರ್.ಟಿ. ನಗರ, ಬೆಂಗಳೂರು